575 ಎಂದರೆ ಎಷ್ಟು ಬಲ?

ನಮ್ಮ ಹುಣಸೂರು ಕಡೆ ಟ್ರ್ಯಾಕ್ಟರ್‌ಗೆ ಹೆಸರಿಗಿಂತ ನಂಬರೇ ಮುಖ್ಯ. ‘ಫೈವ್ ಸೆವೆಂಟಿಫೈವ್ ಕಳ್ಸಣ್ಣ, ಹೊಲ ಹದಕ್ಕೆ ಬಂದದೆ’ ಎಂದರೆ ಸಾಕು; ಯಾವ ಕಂಪನಿ, ಯಾರ ಗಾಡಿ, ಯಾವ ಡ್ರೈವರ್ ಎಂಬುದೆಲ್ಲ ಕೇಳುವವರಿಗೆ ಅರ್ಥವಾಗಿಬಿಡುತ್ತದೆ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಅಜ್ಜಂದಿರೂ ‘ಟೆನ್ ತರ್ಟಿಫೈವ್’, ‘ಸೆವೆನ್ ಫಾರ್ಟಿಫೋರ್’, ‘ತರ್ಟಿಸಿಕ್ಸ್ ತರ್ಟಿ’ ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲ, ಕೆ.ಆರ್. ನಗರದ ಗದ್ದೆ ಬಯಲು, ಎಚ್.ಡಿ. ಕೋಟೆಯ ಶುಂಠಿ ತಾಕು, ಎಲ್ಲಿ ಹೋದರೂ ಇದೇ ಭಾಷೆ.

ಆದರೆ ಆ 575 ಎಂದರೆ ಏನು ಎಂದು ಕೇಳಿ ನೋಡಿ. ‘ಅದೇ ಅದರ ಪವರ್ರು’ ಎನ್ನುವವರು ಕೆಲವರು. ‘ಮಾಡಲ್ ನಂಬರ್ ಅಷ್ಟೇ’ ಎನ್ನುವವರು ಹಲವರು. ‘275ಕ್ಕಿಂತ 575 ದೊಡ್ಡದು, ಅಷ್ಟು ಗೊತ್ತಿದ್ರೆ ಸಾಕು’ ಎನ್ನುವವರೇ ಹೆಚ್ಚು. ನಾನು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯ ಬೇಸಾಯಕ್ಕೂ ಕೈ ಹಾಕಿರುವವನು. ನಮ್ಮ ಮನೆಯಲ್ಲಿ ವರ್ಷದಿಂದ ಟ್ರ್ಯಾಕ್ಟರ್ ಕೊಳ್ಳುವ ಮಾತು ನಡೆಯುತ್ತಿದೆ. ಆ ನೆಪದಲ್ಲಿ ಈ ನಂಬರ್‌ಗಳ ಹಿಂದೆ ಬಿದ್ದೆ. ತಿಳಿದುಕೊಂಡಷ್ಟೂ ನನಗೆ ಒಂದು ಮಾತು ಗಟ್ಟಿಯಾಯಿತು: ಬಾನೆಟ್ ಮೇಲಿನ ನಂಬರ್ ರೈತನಿಗೆ ಏನನ್ನು ಹೇಳಬೇಕೋ ಅದನ್ನು ಹೇಳುತ್ತಿಲ್ಲ. ಹೇಳುವಂತೆ ಮಾಡಬೇಕು.

ನಂಬರ್ ಬಂದದ್ದು ಎಲ್ಲಿಂದ?

ಮೊದಲು 275ರ ಕಥೆ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಕಂಪನಿ ಇಂಗ್ಲೆಂಡಿನ ತನ್ನ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ಬಿ-275 ಎಂಬ ಟ್ರ್ಯಾಕ್ಟರ್ ತಯಾರಿಸಿತು. 1963ರಲ್ಲಿ ಮಹೀಂದ್ರಾ ಈ ಕಂಪನಿಯ ಜೊತೆ ಸೇರಿಕೊಂಡು ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿಯಿತು. ಬಿ-275 ಇಲ್ಲೂ ಹುಟ್ಟಿತು. ಆ ಸಹಯೋಗ ಮುಗಿದು ಎಷ್ಟೋ ವರ್ಷವಾಯಿತು, ಎಂಜಿನ್ ಬದಲಾಯಿತು, ಬಣ್ಣ ಬದಲಾಯಿತು. 275 ಮಾತ್ರ ಉಳಿಯಿತು. ಮುಂದೆ 475, 575 ಬಂದವು. ಹಿಂದಿರುವ ‘ಡಿಐ’ ಎಂದರೆ ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ಲನ್ನು ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮಿಸುವ ವಿಧಾನ. ಒಂದು ಕಾಲಕ್ಕೆ ಅದು ಹೆಮ್ಮೆಯಿಂದ ಬರೆದುಕೊಳ್ಳುವ ಸಂಗತಿಯಾಗಿತ್ತು. ಈಗ ಅಕ್ಷರ ಉಳಿದಿದೆ, ಹೆಮ್ಮೆಗೆ ಕಾರಣ ಉಳಿದಿಲ್ಲ.

275ರ ಬಲ ಸುಮಾರು 39 ಎಚ್‌ಪಿ. 575ರದ್ದು ಸುಮಾರು 45ರಿಂದ 47. ಅಂದರೆ ನಂಬರ್ ಎರಡರಷ್ಟಾದರೂ ಬಲ ಎರಡರಷ್ಟಾಗಿಲ್ಲ. ಕಂಪನಿ ಎಲ್ಲೂ ಹಾಗೆ ಹೇಳಿಲ್ಲ ನಿಜ. ಆದರೆ ಅಂಕಿಗೆ ಒಂದು ಗುಣವಿದೆ. ಅದನ್ನು ನೋಡಿದ ಕೂಡಲೇ ಮನಸ್ಸು ತಾನಾಗಿ ಲೆಕ್ಕ ಹಾಕಿಬಿಡುತ್ತದೆ.

ಮ್ಯಾಸಿ ಫರ್ಗುಸನ್ 1035ಕ್ಕೂ ಇಂಥದ್ದೇ ವಂಶವೃಕ್ಷವಿದೆ. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಟಿಇ-20 ಎಂಬ ಪುಟ್ಟ ಬೂದುಬಣ್ಣದ ಟ್ರ್ಯಾಕ್ಟರ್ ತಯಾರಾಗತೊಡಗಿತು. ಟಿ ಎಂದರೆ ಟ್ರ್ಯಾಕ್ಟರ್, ಇ ಎಂದರೆ ಇಂಗ್ಲೆಂಡ್, 20 ಎಂದರೆ ಸುಮಾರು 20 ಎಚ್‌ಪಿ. ಎಷ್ಟು ಸರಳ! ಅದರ ನಂತರದ್ದು 35. ಚೆನ್ನೈನ ಟೆಫೆ ಕಂಪನಿ ನಮ್ಮ ದೇಶದಲ್ಲಿ ಈ ಮನೆತನವನ್ನು ಬೆಳೆಸಿತು. ಅದಕ್ಕೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಕಾರ್ಖಾನೆ ಇದೆ. 1035ರ ಕೊನೆಯ ಎರಡು ಅಂಕಿ ಇವತ್ತಿಗೂ ಅದರ ಬಲಕ್ಕೆ ಹತ್ತಿರ. ಆದರೆ ಅದೇ ಅಂಗಡಿಯಲ್ಲಿ ಪಕ್ಕಕ್ಕೆ ನಿಂತಿರುವ 241ಕ್ಕೆ ಈ ಲೆಕ್ಕ ಹಾಕಿದರೆ ಒಂದು ಉತ್ತರ, 9500ಕ್ಕೆ ಹಾಕಿದರೆ ಇನ್ನೊಂದು ಉತ್ತರ.

ನ್ಯೂ ಹಾಲೆಂಡ್ 3630 ಎಂದರೆ 36 ಎಚ್‌ಪಿ ಅಂದುಕೊಂಡವರನ್ನು ನಾನು ಕಂಡಿದ್ದೇನೆ. ಅದು 50ರ ಆಸುಪಾಸಿನ ಗಾಡಿ. 1964ರಲ್ಲಿ ಫೋರ್ಡ್ ಕಂಪನಿ 2000, 3000, 4000, 5000 ಎಂದು ಟ್ರ್ಯಾಕ್ಟರ್‌ಗಳನ್ನು ಸಾಲಾಗಿ ತಂದಿತು. ಎಸ್ಕಾರ್ಟ್ಸ್ ಅದರ ಜೊತೆಗೂಡಿ 1970ರ ದಶಕದಲ್ಲಿ ನಮ್ಮಲ್ಲಿ ಫೋರ್ಡ್ 3000, ಬಳಿಕ 3600 ತಯಾರಿಸಿತು. ಮುಂದೆ ಫೋರ್ಡ್‌ನ ಟ್ರ್ಯಾಕ್ಟರ್ ವ್ಯವಹಾರ ಫಿಯಟ್ ಕೈಗೆ ಹೋಗಿ ನ್ಯೂ ಹಾಲೆಂಡ್ ಎಂಬ ಹೆಸರು ನಿಂತಿತು. 3600 ಹೋಗಿ 3610, 3630 ಬಂದರೂ ಮುಂದಿನ 3 ಹಳೆಯ ಸಾಲಿನ ಗುರುತು. ಫಾರ್ಮ್‌ಟ್ರ್ಯಾಕ್ 60 ಕೂಡ ಹಾಗೆಯೇ. 60 ಎಂದಿದ್ದರೂ ಅದು 50 ಎಚ್‌ಪಿ ಸಾಲಿಗೆ ಸೇರಿದ್ದು.

ಲೆಕ್ಕಕ್ಕೆ ಸಿಗುವ ನಂಬರ್‌ಗಳು

ಎಲ್ಲರೂ ಹೀಗೇ ಎನ್ನಲಾಗದು. ಓದಲು ಕಲಿತರೆ ಸತ್ಯ ಹೇಳುವ ನಂಬರ್‌ಗಳೂ ಇವೆ. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. 1967ರಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರ್ ತಂದಿತು. ಗದ್ದೆ ಇರುವ ಊರುಗಳಲ್ಲಿ ಅದನ್ನು ಕಾಣದವರಿಲ್ಲ. ಅದರ 130 ಡಿಐ ಟಿಲ್ಲರ್ 13 ಎಚ್‌ಪಿ. ಎಂಟಿ 180 ಎಂಬ ಸಣ್ಣ ಟ್ರ್ಯಾಕ್ಟರ್ 18ರ ಮೇಲೆ ಚೂರು. ಎಂಟಿ 270 ಎಂದರೆ 27. ಮೊದಲ ಎರಡು ಅಂಕಿ ಓದಿದರೆ ಮುಗಿಯಿತು.

ಎಚ್‌ಎಂಟಿ ಎಂದರೆ ನಮ್ಮ ಅಪ್ಪಂದಿರಿಗೆ ಕೈಗಡಿಯಾರ. ಅದೇ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನ ತಂದು ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. 2511 ಎಂದರೆ 25 ಎಚ್‌ಪಿ. 5911 ಎಂದರೆ 59ರ ಹತ್ತಿರ. 2016ರಲ್ಲಿ ಸರ್ಕಾರ ಆ ಘಟಕವನ್ನು ಮುಚ್ಚಲು ತೀರ್ಮಾನಿಸಿತು. ಗಾಡಿ ನಿಂತರೂ ನಂಬರ್ ನಿಲ್ಲಲಿಲ್ಲ. ಪಂಜಾಬಿ ಗಾಯಕ ಸಿಧು ಮೂಸೆವಾಲಾ ತನ್ನ ಸಂಗೀತ ಸಂಸ್ಥೆಗೇ 5911 ಎಂದು ಹೆಸರಿಟ್ಟ. ಒಂದು ನಂಬರ್ ಮೇಲೆ ರೈತರ ಮಕ್ಕಳಿಗೆ ಎಂಥ ಅಭಿಮಾನ ಹುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕುಬೋಟಾದ ಎಂಯು 4501 ಎಂದರೆ 45 ಎಚ್‌ಪಿ, 5501 ಎಂದರೆ 55. ಜಾನ್ ಡೀರ್‌ನ 5050 ಡಿ ಎಂಬುದರಲ್ಲಿ ಮೊದಲ 5 ಗಾಡಿಯ ಗಾತ್ರದ ಸಾಲು, ಉಳಿದ 050 ಎಂದರೆ 50 ಎಚ್‌ಪಿ, ಕೊನೆಯ ಅಕ್ಷರ ಸೌಲಭ್ಯಗಳ ಮಟ್ಟ. ಆದರೆ ಅದೇ ಕಂಪನಿಯ 5310ಕ್ಕೆ ಈ ಸೂತ್ರ ಹಾಕಿದರೆ 310 ಎಚ್‌ಪಿ ಬರುತ್ತದೆ! ಅದು ಹಳೆಯ ಪದ್ಧತಿಯ ನಂಬರ್. ಮಹೀಂದ್ರಾ 2023ರಲ್ಲಿ ತಂದ ಓಜಾ ಸಾಲಿನಲ್ಲಿ 2127 ಎಂದರೆ 27, 3140 ಎಂದರೆ 40. ಇಲ್ಲಿ ಓದಬೇಕಾದ್ದು ಕೊನೆಯ ಎರಡು ಅಂಕಿ. ಜಿವೊ 245 ಎಂದರೆ 24. ಇಲ್ಲಿ ಮೊದಲ ಎರಡು ಅಂಕಿ. ಒಂದೇ ಮನೆಯ ಮಕ್ಕಳಿಗೆ ಮೂರು ಬಗೆಯ ಲೆಕ್ಕ: 575ರಲ್ಲಿ ಲೆಕ್ಕವೇ ಇಲ್ಲ, ಓಜಾದಲ್ಲಿ ಹಿಂದಿನಿಂದ, ಜಿವೊದಲ್ಲಿ ಮುಂದಿನಿಂದ. ಇದನ್ನು ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಪತ್ರಿಕೆಗೆ ಪ್ರಶ್ನೆಯಾಗಿ ಕೊಡಬಹುದು.

ಹೆಸರುಗಳೂ ಸುಮ್ಮನೆ ಬರುವುದಿಲ್ಲ

ಅಂಕಿಯ ಪಕ್ಕದಲ್ಲಿ ಹೆಸರೂ ಇರುತ್ತದೆ. ಸ್ವರಾಜ್ ಎಂಬ ಹೆಸರಿಗೆ ನಿಜವಾದ ತೂಕವಿತ್ತು. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ ಟ್ರ್ಯಾಕ್ಟರನ್ನು ಪಂಜಾಬ್ ಟ್ರ್ಯಾಕ್ಟರ್ಸ್ 1974ರಲ್ಲಿ ಸ್ವರಾಜ್ 724 ಎಂದು ಮಾರುಕಟ್ಟೆಗೆ ತಂದಿತು. ಉಳಿದವರೆಲ್ಲ ಹೊರಗಿನ ವಿನ್ಯಾಸ ತರುತ್ತಿದ್ದ ಕಾಲದಲ್ಲಿ ಇದು ಸ್ವಂತದ್ದು. ಹೆಸರು ಆ ಮಾತನ್ನೇ ಹೇಳಿತು. 24, 35, 44 ಎಂಬ ಕೊನೆಯ ಅಂಕಿಗಳೂ ಬಲಕ್ಕೆ ಹೆಚ್ಚುಕಡಿಮೆ ಹತ್ತಿರವಾಗಿದ್ದವು. 2007ರಲ್ಲಿ ಆ ಕಂಪನಿ ಮಹೀಂದ್ರಾ ಪಾಲಾದರೂ ಹೆಸರನ್ನು ಉಳಿಸಿಕೊಂಡರು. ಹೆಸರಿನ ಬೆಲೆ ಅವರಿಗೆ ಗೊತ್ತು.

ಉಳಿದವು ಅರ್ಜುನ್, ಭೂಮಿಪುತ್ರ, ಸರಪಂಚ್, ಸಿಕಂದರ್, ಟೈಗರ್, ಮಹಾಶಕ್ತಿ. ಬೊಲೆರೊ, ಸ್ಕಾರ್ಪಿಯೊ ಧಾಟಿಯಲ್ಲೇ ಯುವೊ, ಜಿವೊ, ನೊವೊ. ‘ಭೂಮಿಪುತ್ರ’ ನಮ್ಮ ಕಿವಿಗೂ ಹಿತ. ‘ಓಜಾ’ ಎಂಬುದು ಓಜಸ್ಸು ಎಂಬ ಸಂಸ್ಕೃತ ಪದದಿಂದ ಬಂದದ್ದು ಎಂದರೆ ನಮಗೂ ಹೊಳೆಯುತ್ತದೆ. ಆದರೆ ‘ಸರಪಂಚ್’? ನಮ್ಮ ತಾಲ್ಲೂಕಿನಲ್ಲಿ ಪಂಚಾಯಿತಿ ಅಧ್ಯಕ್ಷರಿದ್ದಾರೆ, ಸರಪಂಚರಿಲ್ಲ. ಈ ಹೆಸರುಗಳನ್ನು ಆರಿಸುವವರ ಕಣ್ಣ ಮುಂದೆ ಇರುವ ರೈತ ಉತ್ತರದವನು ಎಂಬುದು ಎದ್ದು ಕಾಣುತ್ತದೆ. ಒಂದು ಕಾಲಕ್ಕೆ ಅಮೃತ ಮಹಲ್ ರಾಸುಗಳ ಕೇಂದ್ರವಾಗಿದ್ದ ಊರು ನಮ್ಮದು. ಎತ್ತಿಗೆ ಹೆಸರಿಡುವಾಗ ನಮ್ಮ ಹಿರಿಯರು ಅದರ ಬಣ್ಣ, ಕೊಂಬು, ಗುಣ ನೋಡುತ್ತಿದ್ದರು. ಹೆಸರು ಕೇಳಿದರೆ ಎತ್ತು ಕಣ್ಣ ಮುಂದೆ ಬರುತ್ತಿತ್ತು. ಟ್ರ್ಯಾಕ್ಟರ್ ಹೆಸರು ಕೇಳಿದರೆ ಜಾಹೀರಾತು ಕಣ್ಣ ಮುಂದೆ ಬರುತ್ತದೆ.

ಕಂಪನಿಗಳಿಗೆ ಹೆಸರು ಬೇಕಾಗುವುದಕ್ಕೆ ಕಾನೂನಿನ ಕಾರಣವೂ ಇದೆ. ಬರೀ ಅಂಕಿಯನ್ನು ‘ಇದು ನನ್ನದು’ ಎಂದು ಹಕ್ಕು ಸಾಧಿಸುವುದು ಕಷ್ಟ. ಕಂಪ್ಯೂಟರ್ ಓದಿದವರಿಗೆ ಗೊತ್ತಿರುತ್ತದೆ: 386 ಎಂಬ ಅಂಕಿಯ ಮೇಲೆ ಇಂಟೆಲ್‌ಗೆ ಅಮೆರಿಕದ ನ್ಯಾಯಾಲಯದಲ್ಲಿ ಹಕ್ಕು ಸಿಗಲಿಲ್ಲ. ಆಮೇಲೆ 586 ಎನ್ನಬೇಕಾದ ಚಿಪ್‌ಗೆ 1993ರಲ್ಲಿ ಪೆಂಟಿಯಂ ಎಂದು ಹೆಸರಿಟ್ಟರು. ಕಾರುಗಳಲ್ಲಿ ತದ್ವಿರುದ್ಧ ಕಥೆಯೂ ಇದೆ. ನಡುವೆ ಸೊನ್ನೆ ಇರುವ ಮೂರಂಕಿ ನನ್ನದು ಎಂದು ಪೂಜೊ ಕಂಪನಿ ತಕರಾರು ತೆಗೆದದ್ದಕ್ಕೆ ಪೋರ್ಶೆ ತನ್ನ 901 ಅನ್ನು 1964ರಲ್ಲಿ 911 ಮಾಡಿಕೊಂಡಿತು. ಅಂದರೆ ನಂಬರ್ ಹಿಂದೆ ಎಂಜಿನಿಯರ್ ಮಾತ್ರ ಇರುವುದಿಲ್ಲ. ವಕೀಲರು, ಜಾಹೀರಾತಿನವರು, ಹಳೆಯ ಮಾಲೀಕರು ಎಲ್ಲ ಇರುತ್ತಾರೆ. ಇಲ್ಲದವನು ಒಬ್ಬನೇ, ಅದನ್ನು ಓದಿ ಸಾಲ ಮಾಡುವ ರೈತ.

ಸಾಲ ಮಾಡುವವನಿಗೆ ಬೇಕಾದ ಅಂಕಿ

ಇದೆಲ್ಲ ಹರಟೆಗೆ ಚೆಂದ, ಇದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟ ರೋಟವೇಟರ್ ಕಟ್ಟಿದಾಗ ಗೊತ್ತಾಗುತ್ತದೆ. ಟ್ರ್ಯಾಕ್ಟರ್ ಎಂಜಿನ್ ಹುಟ್ಟಿಸುವ ಬಲ ಬೇರೆ, ಹಿಂದಿರುವ ಪಿಟಿಒ ಶಾಫ್ಟ್‌ಗೆ ತಲುಪುವ ಬಲ ಬೇರೆ. 50 ಎಚ್‌ಪಿ ಎಂಜಿನ್ ಇದ್ದರೆ ಪಿಟಿಒದಲ್ಲಿ 42-43 ಸಿಗಬಹುದು. ರೋಟವೇಟರ್ ತಿರುಗುವುದು, ಔಷಧಿ ಸಿಂಪಡಿಸುವ ಪಂಪು ನಡೆಯುವುದು, ಒಕ್ಕಣೆ ಯಂತ್ರ ಓಡುವುದು ಈ ಎರಡನೇ ಅಂಕಿಯಿಂದ. ಆರು ಅಡಿ ರೋಟವೇಟರ್‌ಗೆ ಬಲ ಸಾಲದೇ ಹೋದರೆ ಎಂಜಿನ್ ಏದುಸಿರು ಬಿಡುತ್ತದೆ, ಡೀಸೆಲ್ ಕುಡಿಯುತ್ತದೆ, ಗಂಟೆ ಲೆಕ್ಕದ ಬಾಡಿಗೆಯಲ್ಲಿ ಲಾಭ ಕರಗುತ್ತದೆ. ಬಲ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಬಲಕ್ಕೆ ಕೊಟ್ಟ ದುಡ್ಡು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಕೆ.ಆರ್. ನಗರದ ಕೆಸರು ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಓಡಿಸುವವನಿಗೆ ಗಾಡಿಯ ತೂಕವೂ ಮುಖ್ಯ. ಭಾರ ಹೆಚ್ಚಾದರೆ ಹೂತುಕೊಳ್ಳುತ್ತದೆ. ಬೇಕಾದ ಅಂಕಿಗಳು ಇವು. ಬಾನೆಟ್ ಮೇಲೆ ಕಣ್ಣಿಗೆ ರಾಚುವುದು ಬೇರೆಯದೇ ಅಂಕಿ.

ಕಳೆದ ಬೇಸಿಗೆಯಲ್ಲಿ ದೊಡ್ಡಪ್ಪನ ಜೊತೆ ಮೂರು ನಾಲ್ಕು ಶೋರೂಮ್ ಸುತ್ತಿದೆ. ಎಲ್ಲ ಕಡೆಯೂ ಒಳ್ಳೆಯ ಮಾತು, ಒಳ್ಳೆಯ ಕಾಫಿ. ಒಂದು ಕಡೆ ಮಾರಾಟದ ಹುಡುಗ ನನ್ನ ವಯಸ್ಸಿನವನೇ. ‘ಇದರ ಪಿಟಿಒ ಎಚ್‌ಪಿ ಎಷ್ಟು?’ ಎಂದು ಕೇಳಿದೆ. ‘50 ಕೆಟಗರಿ ಬ್ರೋ’ ಎಂದ. ಕೆಟಗರಿ ಬೇಡ, ಅಂಕಿ ಹೇಳಿ ಎಂದೆ. ಪುಸ್ತಕ ತಿರುಗಿಸಿದ, ಒಳಗೆ ಹೋಗಿ ಕೇಳಿಕೊಂಡು ಬಂದ, ‘ಯಜಮಾನ್ರೆ, ಈ ನಂಬರ್ ಗಾಡಿ ನಿಮ್ಮೂರಲ್ಲೇ ಎಷ್ಟು ಅವೆ ನೋಡಿ’ ಎಂದು ದೊಡ್ಡಪ್ಪನ ಕಡೆ ತಿರುಗಿದ. ಅವನ ತಪ್ಪೆನ್ನಲಾರೆ. ಅವನಿಗೆ ಕಲಿಸಿದ್ದೇ ಅಷ್ಟು. ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಪ್ಪ ಒಂದು ಮಾತು ಹೇಳಿದರು: ‘ಗೊಬ್ಬರದ ಮೂಟೆಗಿರೋ ನಿಯತ್ತು ಎಂಟು ಲಕ್ಷದ ಗಾಡಿಗಿಲ್ವಲ್ಲೊ ಮಗ.’

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ದೊಡ್ಡಪ್ಪ ಓದಿರುವುದು ಏಳನೇ ಕ್ಲಾಸು. ಆದರೆ ಗೊಬ್ಬರದ ಮೂಟೆಯ ಮೇಲೆ 10:26:26 ಎಂದಿದ್ದರೆ ಸಾರಜನಕ 10, ರಂಜಕ 26, ಪೊಟ್ಯಾಷ್ 26 ಎಂದು ಅವರಿಗೆ ಗೊತ್ತು. ಡಿಎಪಿ ಎಂದರೆ 18:46 ಎಂದು ಗೊತ್ತು. ಯೂರಿಯಾ ಎಂದರೆ 46 ಎಂದು ಗೊತ್ತು. ಯಾವ ಕಂಪನಿಯ ಮೂಟೆಯಾದರೂ ಈ ಅಂಕಿಯ ಅರ್ಥ ಒಂದೇ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಹಾಗೆ ಕಟ್ಟುಮಾಡಿದೆ. ಮೂಟೆಯ ಮೇಲಿರುವಷ್ಟು ಸತ್ವ ಒಳಗಿರದಿದ್ದರೆ ಅದು ಅಪರಾಧ. ಭತ್ತದ ತಳಿಗಳ ಹೆಸರಿನಲ್ಲೂ ಒಂದು ಪ್ರಾಮಾಣಿಕತೆ ಇದೆ: ಎಂಟಿಯು 1001 ಎಂದರೆ ಆಂಧ್ರದ ಮಾರುಟೇರು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು ಎಂದು ಹೆಸರೇ ಹೇಳುತ್ತದೆ.

ಇನ್ನು ನಮ್ಮ ಹೊಗೆಸೊಪ್ಪನ್ನೇ ನೋಡಿ. ಹರಾಜು ಮಾರುಕಟ್ಟೆಗೆ ನಾವು ಬೇಲ್ ಒಯ್ದರೆ ತೂಕ ಹಾಕುತ್ತಾರೆ, ಗ್ರೇಡ್ ನೋಡುತ್ತಾರೆ, ಚೀಟಿ ಬರೆಯುತ್ತಾರೆ. ಎಲೆಯ ಬಣ್ಣ ಚೂರು ಮಾಸಿದ್ದರೆ ಗ್ರೇಡ್ ಇಳಿಯುತ್ತದೆ, ದರ ಇಳಿಯುತ್ತದೆ. ‘ಅರ್ಜುನ ಸೊಪ್ಪು’, ‘ಸಿಕಂದರ್ ಸೊಪ್ಪು’ ಎಂದು ನಾವು ಹೆಸರಿಟ್ಟರೆ ಯಾರೂ ದರ ಹೆಚ್ಚಿಸುವುದಿಲ್ಲ. ನಾವು ಮಾರುವ ಮಾಲಿಗೆ ಗ್ರೇಡ್ ಕಡ್ಡಾಯ. ಆ ದುಡ್ಡಿನಲ್ಲಿ, ಆರು ತಿಂಗಳಿಗೊಂದು ಕಂತಿನ ಸಾಲದಲ್ಲಿ, ಕೊಳ್ಳುವ ಮಾಲಿಗೆ ಮಾತ್ರ ಘನವಾದ ಹೆಸರು ಸಾಕೇ?

ನೂರು ವರ್ಷದ ಹಿಂದೆ ಒಬ್ಬ ರೈತ ಕೇಳಿದ್ದು

ಈ ಪ್ರಶ್ನೆಯನ್ನು ಮೊದಲು ಕೇಳಿದವನು ನಾನಲ್ಲ, ದೊಡ್ಡಪ್ಪನೂ ಅಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತನಿದ್ದ. ಅವನು ‘ಫೋರ್ಡ್’ ಎಂಬ ಟ್ರ್ಯಾಕ್ಟರ್ ಕೊಂಡ. ಅದು ಹೆನ್ರಿ ಫೋರ್ಡ್‌ನದಾಗಿರಲಿಲ್ಲ. ಮಿನಿಯಾಪೊಲಿಸ್‌ನ ಒಂದು ಕಂಪನಿ ಫೋರ್ಡ್ ಎಂಬ ಅಡ್ಡಹೆಸರಿನ ಬೇರೊಬ್ಬನನ್ನು ಸೇರಿಸಿಕೊಂಡು, ಆ ಹೆಸರಿನ ಬಲದಲ್ಲೇ ಗಾಡಿ ಮಾರುತ್ತಿತ್ತು. ಗಾಡಿ ಹೊಲದಲ್ಲಿ ನಿಲ್ಲಲಿಲ್ಲ. ಎರಡನೆಯದಾಗಿ ಬೇರೆ ಕಂಪನಿಯದು ತಂದ, ಅದೂ ಕೈಕೊಟ್ಟಿತು. ಮೂರನೆಯದು ಮಾತ್ರ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತಿಳಿಯಲು ಪ್ರತಿ ರೈತನೂ ಮೂರು ಗಾಡಿ ಕೊಳ್ಳಬೇಕೇ ಎಂಬುದು ಅವನ ಮುಂದಿದ್ದ ಪ್ರಶ್ನೆ.

ಅವನು ಶಾಸನಸಭೆಗೆ ಆರಿಸಿಬಂದ. 1919ರಲ್ಲಿ ನೆಬ್ರಾಸ್ಕ ಒಂದು ಕಾನೂನು ಮಾಡಿತು: ರಾಜ್ಯದಲ್ಲಿ ಮಾರುವ ಪ್ರತಿ ಮಾದರಿಯ ಟ್ರ್ಯಾಕ್ಟರನ್ನೂ ವಿಶ್ವವಿದ್ಯಾಲಯ ಪರೀಕ್ಷಿಸಬೇಕು, ಫಲಿತಾಂಶ ಪ್ರಕಟಿಸಬೇಕು. 1920ರಲ್ಲಿ ಶುರುವಾದ ಆ ಪರೀಕ್ಷೆ ಜಗತ್ತಿಗೇ ಮಾದರಿಯಾಯಿತು. ಹೆನ್ರಿ ಫೋರ್ಡ್ ತಾನೇ ಟ್ರ್ಯಾಕ್ಟರ್ ತಂದಾಗ ತನ್ನ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು. ಅವನದು ಫೋರ್ಡ್‌ಸನ್ ಎಂದು ಬಂತು.

ನನಗೆ ಹೆಚ್ಚು ಅಚ್ಚರಿಯಾದದ್ದು ಆ ಕಾಲದ ನಂಬರ್‌ಗಳು. ಆಗಿನ ಟ್ರ್ಯಾಕ್ಟರ್‌ಗಳಿಗೆ 10-20, 12-25, 15-30 ಎಂದು ಹೆಸರು. ಮೊದಲ ಅಂಕಿ ನೇಗಿಲು ಎಳೆಯುವ ಬಲ, ಎರಡನೆಯದು ಬೆಲ್ಟ್ ಹಾಕಿ ಯಂತ್ರ ತಿರುಗಿಸುವ ಬಲ. ಥೇಟ್ ಗೊಬ್ಬರದ ಮೂಟೆಯ ಹಾಗೆ! 10-20 ಮತ್ತು 15-30 ಮಾಡುತ್ತಿದ್ದ ಕಂಪನಿ ಯಾವುದು ಗೊತ್ತೇ? ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ನಮ್ಮ 275ರ ಮೂಲ ಮನೆ. ಅಂದರೆ ನೇರವಾಗಿ ಬಲವನ್ನೇ ಬರೆಯುವುದು ಆಗದ ಕೆಲಸವೇನಲ್ಲ. ಇದ್ದ ಪದ್ಧತಿಯನ್ನು ಬಿಟ್ಟದ್ದಷ್ಟೇ.

ಅವರ ಮಾತಿನಲ್ಲೂ ಹುರುಳಿದೆ

ಎದುರು ವಾದವನ್ನೂ ಕೇಳಬೇಕು. 575 ಎಂಬುದು ಅಳತೆಯಲ್ಲ, ಹೆಸರು. ಆ ಹೆಸರಿಗೆ ಹಳ್ಳಿ ಹಳ್ಳಿಯಲ್ಲಿ ಮೆಕ್ಯಾನಿಕ್ ಇದ್ದಾನೆ, ತಾಲ್ಲೂಕು ಕೇಂದ್ರದಲ್ಲಿ ಬಿಡಿಭಾಗ ಸಿಗುತ್ತದೆ, ಐದು ವರ್ಷದ ಮೇಲೆ ಮಾರಿದರೂ ಒಳ್ಳೆಯ ಬೆಲೆ ಬರುತ್ತದೆ. ರೈತ ಕೊಳ್ಳುವುದು ಎಚ್‌ಪಿಯನ್ನಲ್ಲ, ಈ ನಂಬಿಕೆಯನ್ನು. ಇದು ಸರಿಯಾದ ಮಾತು. ನಮ್ಮೂರಿನ ಅನುಭವಸ್ಥರು ಎಂಜಿನ್ ಶಬ್ದ ಕೇಳಿಯೇ ಗಾಡಿಯ ತಾಕತ್ತು ಹೇಳುತ್ತಾರೆ. ಅವರಿಗೆ ಸ್ಟಿಕ್ಕರ್ ಬೇಕಿಲ್ಲ.

ಆದರೆ ಆ ನಂಬಿಕೆ ಹುಟ್ಟಿದ್ದು ಹಳೆಯ ಗಾಡಿಯ ಮೇಲೆ. ಈಗ ಒಂದೇ ನಂಬರ್ ಹಿಂದೆ ಪ್ಲಸ್, ಪವರ್ ಪ್ಲಸ್, ಎಕ್ಸ್‌ಪಿ, ಟರ್ಬೊ, ಸೂಪರ್ ಎಂದು ಬಾಲಗಳು ಬೆಳೆದಿವೆ. ಬಾಲ ಬದಲಾದರೆ ಎಚ್‌ಪಿ, ಗೇರು, ಬೆಲೆ ಎಲ್ಲ ಬದಲಾಗಬಹುದು. ಜೊತೆಗೆ 2023ರ ಜನವರಿಯಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಹೊಗೆ ನಿಯಂತ್ರಣದ ಕಠಿಣ ನಿಯಮ ಬಂದಿದೆ. ಆ ಗೆರೆ ದಾಟಿದರೆ ಎಂಜಿನ್ ತಂತ್ರಜ್ಞಾನ ಬದಲಾಗಬೇಕು, ಬೆಲೆ ಏರುತ್ತದೆ. ಹಾಗಾಗಿ 50ರ ಗೆರೆಯ ಕೆಳಗೇ ನಿಲ್ಲುವ ಮಾದರಿಗಳು ಮಾರುಕಟ್ಟೆಯಲ್ಲಿ ಗುಂಪುಗಟ್ಟಿವೆ. ಅಪ್ಪನ ಕಾಲದ ನಂಬರನ್ನೇ ಮಗ ಕೊಂಡರೂ ಅಪ್ಪನ ಕಾಲದ ಗಾಡಿಯೇ ಬರುತ್ತದೆ ಎಂದೇನಿಲ್ಲ. ಹೆಸರು ಉಳಿದು ಒಳಗಿನದು ಬದಲಾಗುವ ಕಡೆಯಲ್ಲೇ ಅಳತೆ ಹೆಚ್ಚು ಬೇಕು.

ಆದ್ದರಿಂದ ನಂಬರ್ ಬದಲಿಸಿ ಎಂದು ನಾನು ಕೇಳುತ್ತಿಲ್ಲ. 575 ಇರಲಿ, 744 ಇರಲಿ, 1035 ಇರಲಿ. ಅವು ನಮ್ಮ ಭಾಷೆಯೇ ಆಗಿವೆ. ಅದರ ಕೆಳಗೆ ನಾಲ್ಕು ಸಾಲು ಸೇರಿಸಿ ಎನ್ನುತ್ತೇನೆ: ಎಂಜಿನ್ ಎಚ್‌ಪಿ ಇಷ್ಟು, ಪಿಟಿಒ ಎಚ್‌ಪಿ ಇಷ್ಟು, ಎತ್ತುವ ಸಾಮರ್ಥ್ಯ ಇಷ್ಟು ಕಿಲೊ, ಗಾಡಿ ತೂಕ ಇಷ್ಟು. ಎಲ್ಲ ಕಂಪನಿಗೂ ಒಂದೇ ಕ್ರಮ, ಒಂದೇ ಅಳತೆ, ನಮ್ಮಲ್ಲಿ ಮಾರುವ ಗಾಡಿಗೆ ಕನ್ನಡದಲ್ಲಿ. ಫ್ರಿಜ್ಜು, ಫ್ಯಾನಿಗೆ ಸ್ಟಾರ್ ಚೀಟಿ ಅಂಟಿಸಲು ಸಾಧ್ಯವಾಗಿರುವಾಗ ಇದೂ ಸಾಧ್ಯ. ಹೊಸದಾಗಿ ಅಳೆಯುವ ಕೆಲಸವೂ ಬೇಕಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಟ್ರ್ಯಾಕ್ಟರ್‌ಗಳನ್ನು ಅಲ್ಲಿ ಪರೀಕ್ಷಿಸಿ ಪಿಟಿಒ ಬಲ, ಎಳೆಯುವ ಬಲ, ಡೀಸೆಲ್ ಬಳಕೆ, ಎತ್ತುವ ಸಾಮರ್ಥ್ಯ ಎಲ್ಲವನ್ನೂ ವರದಿಯಲ್ಲಿ ಬರೆಯುತ್ತಾರೆ. ಅಳತೆ ಇದೆ. ಅದು ಹೊಲದ ತನಕ ಬಂದಿಲ್ಲ.

ಓದಿದವರ ಪಾಲಿನ ಕೆಲಸ

ನಿಯಮ ಬರುವಾಗ ಬರಲಿ. ಅಲ್ಲಿಯವರೆಗೆ ಆ ವರದಿಯನ್ನು ಹೊಲದ ತನಕ ತರುವವರು ಯಾರು? ನನ್ನ ಉತ್ತರ: ನಾವು. ಬಿಎ, ಬಿಕಾಂ, ಡಿಪ್ಲೊಮಾ, ಐಟಿಐ ಮುಗಿಸಿ, ಕೆಲಸದ ಕರೆಗೆ ಕಾಯುತ್ತಾ ಮನೆಯಲ್ಲಿರುವ ನಾವು. ‘ಓದಿ ಏನು ಮಾಡ್ದೆ?’ ಎಂಬ ಪ್ರಶ್ನೆ ನಮ್ಮೆಲ್ಲರಿಗೂ ದಿನವೂ ಬೀಳುತ್ತದೆ. ಮನೆಯಲ್ಲಿ ಏಳೆಂಟು ಲಕ್ಷದ ತೀರ್ಮಾನ ನಡೆಯುವಾಗ ವರದಿಯ ಇಂಗ್ಲಿಷ್ ಓದಿ, ಎರಡು ಗಾಡಿಯ ಅಂಕಿಗಳನ್ನು ಒಂದು ಹಾಳೆಯ ಎರಡು ಕಡೆ ಕನ್ನಡದಲ್ಲಿ ಬರೆದು, ಅಪ್ಪನ ಮುಂದೆ ಇಡುವುದು ಸಣ್ಣ ಕೆಲಸವಲ್ಲ. ಐವತ್ತು ರೂಪಾಯಿ ಮೊಬೈಲ್ ಕವರ್ ಕೊಳ್ಳಲು ಹತ್ತು ರಿವ್ಯೂ ನೋಡುವ ನಾವು, ಜಮೀನಿನ ಪತ್ರ ಬ್ಯಾಂಕಿಗೆ ಹೋಗುವಾಗ ಸುಮ್ಮನಿರುವುದು ಸರಿಯಲ್ಲ.

ಇದರಲ್ಲಿ ಬದುಕಿನ ದಾರಿಯೂ ಇದ್ದೀತು. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ, ನಮ್ಮ ರಾಜ್ಯದ ಗಡಿಗೆ ಹತ್ತಿರವೇ, ದಕ್ಷಿಣ ಭಾರತಕ್ಕೆಂದು ಕೇಂದ್ರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಯುವಕರಿಗೆ ಯಂತ್ರಗಳ ತರಬೇತಿ ಕೊಡುತ್ತಾರೆ. ಶೋರೂಮ್‌ಗಳಲ್ಲಿ, ಬಾಡಿಗೆ ಯಂತ್ರ ಕೇಂದ್ರಗಳಲ್ಲಿ, ಬ್ಯಾಂಕಿನ ಕೃಷಿ ಸಾಲದ ಮೇಜಿನ ಹಿಂದೆ, ಎಲ್ಲ ಕಡೆಯೂ ನಮ್ಮ ವಯಸ್ಸಿನವರೇ ಕೂರುತ್ತಿದ್ದಾರೆ. ನಾಳೆ ಅಲ್ಲಿ ನೀವು ಕುಳಿತಾಗ ಒಬ್ಬ ಯಜಮಾನರು ಬಂದು ‘ಇದರ ಬಲ ಎಷ್ಟಪ್ಪಾ?’ ಎಂದು ಕೇಳಿದರೆ, ಬಾನೆಟ್ ಮೇಲಿನ ನಂಬರ್ ತೋರಿಸಬೇಡಿ. ಅಂಕಿ ಹೇಳಿ. ಗೊತ್ತಿಲ್ಲದಿದ್ದರೆ ವರದಿ ತೆಗೆದು, ಅವರ ಮುಂದೆಯೇ ಓದಿ ಹೇಳಿ.

ನಮ್ಮ ಮನೆಯಲ್ಲಿ ಇನ್ನೂ ಗಾಡಿ ಬಂದಿಲ್ಲ. ನಾಲ್ಕು ಮಾದರಿಗಳ ವರದಿ ಓದಿ ಬರೆದ ಹಾಳೆ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಬಿದ್ದಿದೆ. ಬೀದಿಯ ಇನ್ನಿಬ್ಬರು ಅದನ್ನು ಫೋಟೊ ಹೊಡೆದುಕೊಂಡು ಹೋಗಿದ್ದಾರೆ. ಯಾವ ನಂಬರ್ ಬಂದರೂ ಮುಂದೆ ಊರಿನವರು ಅದನ್ನು ಇಂಗ್ಲಿಷ್ ಅಂಕಿಯಲ್ಲೇ ಕರೆಯುತ್ತಾರೆ, ಕರೆಯಲಿ. ಆ ಅಂಕಿಯ ಹಿಂದಿರುವ ಬಲ ಎಷ್ಟು ಎಂಬುದು ಸಾಲದ ಪತ್ರಕ್ಕೆ ಸಹಿ ಬೀಳುವ ಮೊದಲೇ ಗೊತ್ತಿರಬೇಕು, ಅಷ್ಟೇ.